ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಮನೆ ಸ್ಟುಡಿಯೋ ಆಗುತ್ತದೆಯೇ? ಮೃದಂಗ, ತಬಲಾ ರೆಕಾರ್ಡಿಂಗ್‌ನ ಸತ್ಯ-ಮಿಥ್ಯ

ಸಂಗೀತ ಪಾಠ ಈಗ ಫೋನ್‌ನಲ್ಲೂ ನಡೆಯುತ್ತದೆ. ಮಕ್ಕಳು ಮನೆಯಲ್ಲಿ ಮೃದಂಗ ಅಥವಾ ತಬಲಾ ನುಡಿಸಿ, ರೆಕಾರ್ಡ್ ಮಾಡಿ ಗುರುಗಳಿಗೆ ಕಳುಹಿಸುತ್ತಾರೆ. ಅದರ ಜೊತೆಗೇ ಸಲಹೆಗಳೂ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಈ ವಾದ್ಯಗಳ ವಿಶೇಷವೇನು?

ಹೆಚ್ಚಿನ ಚರ್ಮವಾದ್ಯಗಳಲ್ಲಿ ಸ್ಪಷ್ಟ ಶ್ರುತಿ ಕೇಳಿಸುವುದಿಲ್ಲ. ಮೃದಂಗ, ತಬಲಾಗಳಲ್ಲಿ ಕೇಳಿಸುತ್ತದೆ. ಮುಚ್ಚಿಗೆಯ ಮೇಲಿನ ಕಪ್ಪು ಲೇಪ, ಅಂದರೆ ಕರಣೆ, ಇದಕ್ಕೆ ಮುಖ್ಯ ಕಾರಣ. ಇದನ್ನು ಸಿ.ವಿ. ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ರೆಕಾರ್ಡಿಂಗ್‌ನಲ್ಲಿ ಉಳಿಯಬೇಕಾದದ್ದು ಈ ನಾದವೇ, ಬರೀ ಬೆರಳಿನ ಪೆಟ್ಟಲ್ಲ.

ಹೇಳಿಕೆ 1: ‘ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಹೋಗದು’

ತಪ್ಪು. ಸದ್ದನ್ನು ತಡೆಯಲು ಭಾರವಾದ, ಸಂದುಗಳಿಲ್ಲದ ಅಡ್ಡ ಬೇಕು. ಹಗುರ ಕಾಗದದ ಟ್ರೇ ಕೀರಲು ಸದ್ದಿನ ಪ್ರತಿಧ್ವನಿಯನ್ನು ಸ್ವಲ್ಪ ತಗ್ಗಿಸಬಹುದು, ಅಷ್ಟೇ. 100 ಹರ್ಟ್ಸ್‌ನ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದವಿರುತ್ತದೆ. ಎರಡು ಇಂಚಿನ ಕಾಗದ ಅದನ್ನು ತಡೆಯದು. ಮೇಲಾಗಿ ಕಾಗದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಸ್ವಿಚ್‌ಬೋರ್ಡ್ ಇರುವ ಗೋಡೆಗೆ ಅದನ್ನು ಹೊದಿಸುವುದು ಅಪಾಯ.

ಹೇಳಿಕೆ 2: ‘ದುಬಾರಿ ಮೈಕ್ ಇದ್ದರೆ ಸಾಕು’

ಅರ್ಧಸತ್ಯ. ಖಾಲಿ ಗೋಡೆಗಳ ಕೋಣೆಯಲ್ಲಿ ಒಳ್ಳೆಯ ಮೈಕ್ ಪ್ರತಿಧ್ವನಿಯನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಮೊದಲು ಒಂದು ಚಪ್ಪಾಳೆ ತಟ್ಟಿ ನೋಡಿ. ಗಣಗಣ ಎಂದರೆ ದಪ್ಪ ರಜಾಯಿ, ಹತ್ತಿಯ ಹಾಸಿಗೆ, ಬಟ್ಟೆ ತುಂಬಿದ ಬೀರುವಿನ ತೆರೆದ ಬಾಗಿಲು ನೆರವಾಗುತ್ತವೆ. ಕೋಣೆಯ ಮೂಲೆಯಲ್ಲಿ ಕೂರಬೇಡಿ, ಅಲ್ಲಿ ತಗ್ಗಿನ ನಾದ ಅತಿಯಾಗಿ ಉಬ್ಬುತ್ತದೆ.

ಹೇಳಿಕೆ 3: ‘ಮೈಕ್ ಹತ್ತಿರವಿದ್ದಷ್ಟೂ ಒಳ್ಳೆಯದು’

ಪೂರ್ತಿ ನಿಜವಲ್ಲ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್ ತೀರಾ ಹತ್ತಿರವಿದ್ದರೆ ತಗ್ಗಿನ ನಾದ ಉಬ್ಬುತ್ತದೆ, ಜೋರು ಪೆಟ್ಟು ಒಡೆದು ಕೇಳಿಸುತ್ತದೆ. ಮೃದಂಗದ ಎರಡು ಮುಖಗಳು ಎದುರುಬದುರು ದಿಕ್ಕಿಗಿರುವುದರಿಂದ ಬಲಗಡೆಗೆ ಅಂಟಿಕೊಂಡ ಮೈಕ್‌ಗೆ ಎಡಗೈ ಸರಿಯಾಗಿ ಕೇಳಿಸುವುದೂ ಇಲ್ಲ.

ಒಂದೇ ಮೈಕ್ ಇದ್ದರೆ ನುಡಿಸುವವರ ಎದುರು, ಒಂದೂವರೆ–ಎರಡು ಅಡಿ ದೂರದಲ್ಲಿ, ವಾದ್ಯಕ್ಕಿಂತ ತುಸು ಮೇಲಿಟ್ಟು, ಅದರ ನಡುಭಾಗಕ್ಕೆ ತಿರುಗಿಸಿ. ತಬಲಾಕ್ಕೆ ದಾಯಾಂ, ಬಾಯಾಂ ಎರಡರ ನಡುವೆ ಗುರಿ ಇಡಿ. ಎಡ-ಬಲಕ್ಕೆ ಒಂದೊಂದು ಮೈಕ್ ಇಟ್ಟರೆ, ಒಂದೇ ಸದ್ದು ಎರಡನ್ನೂ ಬೇರೆ ಬೇರೆ ಕ್ಷಣದಲ್ಲಿ ತಲುಪುತ್ತದೆ. ಎರಡನ್ನೂ ಸೇರಿಸಿದಾಗ ನಾದ ತೆಳುವಾದರೆ ಒಂದನ್ನು ಸ್ವಲ್ಪ ಸರಿಸಿ ಮತ್ತೆ ಕೇಳಿ.

ಯಾರೂ ಹೇಳದ ಸಮಸ್ಯೆ: ಫೋನ್

ವಿಡಿಯೊ ಕರೆಯ ಆ್ಯಪ್‌ಗಳು ಮಾತಿಗಾಗಿ ರೂಪಿಸಿದವು. ಮಾತಲ್ಲದ್ದನ್ನು ಅವು ಗದ್ದಲವೆಂದು ಅಳಿಸಬಹುದು. ಮೆಲುಪೆಟ್ಟನ್ನು ಏರಿಸಿ, ಜೋರುಪೆಟ್ಟನ್ನು ಇಳಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತರಲೂಬಹುದು. ಆಗ ಮಗು ತಪ್ಪು ನುಡಿಸಿತೋ, ಫೋನ್ ನುಂಗಿತೋ ಗುರುಗಳಿಗೆ ತಿಳಿಯದು. ಸರಿಯಾಗಿ ನುಡಿಸಿದ ಮಗುವೂ ಬೈಸಿಕೊಳ್ಳಬಹುದು. ತಪ್ಪಿದ್ದರೆ ಅದು ತಿದ್ದದೆ ಹಾಗೇ ಉಳಿಯಬಹುದು.

ಜೂಮ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಆಯ್ಕೆ ಇದೆ, ಪಾಠದ ವೇಳೆ ಆನ್ ಮಾಡಿ. ಬೇರೆಡೆ ‘ನಾಯ್ಸ್ ಸಪ್ರೆಷನ್’ ಇದ್ದರೆ ಆಫ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ನೋಟ್ ಬದಲು ರೆಕಾರ್ಡ್ ಮಾಡಿದ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿ, ಅದು ಇದ್ದಂತೆಯೇ ತಲುಪುತ್ತದೆ.

ಕೊನೆಯ ಮಾತು

ಹಣ ಖರ್ಚು ಮಾಡುವ ಮುನ್ನ ಕೂರುವ ಜಾಗ, ಮೈಕ್‌ನ ಜಾಗ, ಫೋನ್‌ನ ಸೆಟ್ಟಿಂಗ್, ಈ ಮೂರನ್ನೂ ಬದಲಿಸಿ ಇಯರ್‌ಫೋನ್‌ನಲ್ಲಿ ಕೇಳಿ. ಮೊಟ್ಟೆ ಟ್ರೇ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಇದನ್ನು ತಿಳಿಸಿ.