ಹಣ್ಣಡಿಕೆ ಬಣ್ಣದ ಸ್ವೆಟರ್ರೂ ನಮ್ಮ ‘ಕಲರ್ ಸೆನ್ಸೂ’

ಅಕ್ಕನಿಗೆ ಮುಂದಿನ ತಿಂಗಳು ಹೆರಿಗೆ. ಮಗುವಿಗೆ ಸ್ವೆಟರ್ರು, ಕುಲಾವಿ ನಾನೇ ಹೆಣೆದು ಕೊಡ್ತೀನಿ ಅಂದಿದ್ದೆ. (ಹೌದು, ಗಂಡಸೇ. ಹೌದು, ಸಾಫ್ಟ್‌ವೇರ್ ಎಂಜಿನಿಯರ್ರೇ. ನಕ್ಕು ಮುಗಿಸಿ, ಆಮೇಲೆ ಮುಂದೆ ಓದಿ.) ಮೊನ್ನೆ ಅವಳೊಂದು ಚಿತ್ರ ಕಳಿಸಿದಳು. ಐದು ಚೌಕ, ಒಂದೊಂದರ ಕೆಳಗೂ ಒಂದು ಕಲರ್ ಕೋಡು. ಎಲ್ಲವೂ ನೀರು ಬೆರೆಸಿದ ಹಾಲಿನ ಹಾಗೆ ಪೇಲವ. ಜೊತೆಗೆ ಒಂದು ಸಾಲು: “ಇದೇ ಪ್ಯಾಲೆಟ್ ಕಣೋ, ಫೋಟೋಗೆ ಚೆನ್ನಾಗಿ ಬರತ್ತೆ. ನಿನ್ನ ಅಡಿಕೆ ತೋಟದ ಬಣ್ಣ ಎಲ್ಲ ಬೇಡ.”

ನನ್ನ ತಕರಾರು ಅಕ್ಕನ ಮೇಲಲ್ಲ. ಬಣ್ಣ ಆರಿಸೋಕೂ ಇನ್ಯಾರದೋ ಅಪ್ಪಣೆ ಬೇಕು ಅಂದುಕೊಂಡಿರುವ ನಮ್ಮೆಲ್ಲರ ಮೇಲೆ.

ಪ್ಯಾಂಟೋನ್ ಅನ್ನೋ ಅಮೆರಿಕದ ಕಂಪನಿ 2000ದಿಂದ ‘ವರ್ಷದ ಬಣ್ಣ’ ಘೋಷಿಸುತ್ತಾ ಬಂದಿದೆ. 2024ಕ್ಕೆ ‘ಪೀಚ್ ಫಝ್’, 2025ಕ್ಕೆ ‘ಮೋಕಾ ಮೂಸ್’. ಈ ಮೋಕಾ ಮೂಸ್ ಎಂಥದಪ್ಪಾ ಅಂತ ಹುಡುಕಿ ನೋಡಿದರೆ ಹಾಲು ಹಾಕಿದ ಕಾಫಿ! ಅದನ್ನು ನಮ್ಮನೆ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ಘೋಷಿಸುತ್ತಾರೆ ಸ್ವಾಮಿ.

ತಮಾಷೆ ಇರಲಿ. ನಮ್ಮ ಸೀರೆ ಅಂಗಡಿಗೆ ಹೋಗಿ ಕೇಳಿಸಿಕೊಳ್ಳಿ. ಈರುಳ್ಳಿ ಬಣ್ಣ, ಬದನೆಕಾಯಿ ಬಣ್ಣ, ಕನಕಾಂಬರ, ಗಿಳಿ ಹಸಿರು, ಅರಿಸಿನ, ಕಾಫಿಪುಡಿ. ಒಂದೊಂದು ಹೆಸರೂ ದಿನಾ ಕಣ್ಣಿಗೆ ಬೀಳುವ ಒಂದು ವಸ್ತು. ಎಂ. ಎಸ್. ಸುಬ್ಬುಲಕ್ಷ್ಮಿ ಉಟ್ಟ ಸೀರೆಯಿಂದ ಒಂದು ನೀಲಿಗೆ ‘ಎಂ.ಎಸ್. ಬ್ಲೂ’ ಅಂತಲೇ ಹೆಸರಾಯ್ತು. ದಿನನಿತ್ಯದ ಬದುಕಿನಲ್ಲಿ ಬಣ್ಣಕ್ಕೆ ಸ್ಫೂರ್ತಿ ಹುಡುಕೋದು ಅಂತ ಇವತ್ತು ಹೊಸದಾಗಿ ಪಾಠ ಮಾಡ್ತಾರಲ್ಲ, ನಮ್ಮ ಭಾಷೆಯಲ್ಲಿ ಬಣ್ಣದ ಹೆಸರುಗಳು ಹುಟ್ಟಿದ್ದೇ ಹಾಗೆ.

ಇನ್ನು ನನ್ನ ಕಥೆ. ಎಂಜಿನಿಯರಿಂಗ್ ಸೇರಿದಾಗ ಅಮ್ಮ ಒಂದು ಸ್ವೆಟರ್ ಹೆಣೆದು ಕೊಟ್ಟಳು. ಮೈಯೆಲ್ಲ ಕಡು ಹಸಿರು, ಕುತ್ತಿಗೆಗೂ ಕೈತುದಿಗೂ ಒಂದೊಂದು ಕಿತ್ತಳೆ ಪಟ್ಟಿ. ಹಾಸ್ಟೆಲ್‌ನಲ್ಲಿ ಮೊದಲ ದಿನವೇ “ಟ್ರಾಫಿಕ್ ಸಿಗ್ನಲ್” ಅಂತ ಹೆಸರು ಬಿತ್ತು. ಅವತ್ತು ಟ್ರಂಕಿಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ನಾಲ್ಕು ವರ್ಷ ಚಳಿಯಲ್ಲಿ ನಡುಗಿದೆನೇ ಹೊರತು ಅದನ್ನು ಹಾಕಿಕೊಳ್ಳಲಿಲ್ಲ. ಕೊನೆಗೆ ರೂಮು ಖಾಲಿ ಮಾಡುವಾಗ ಅಲ್ಲೇ ಬಿಟ್ಟು ಬಂದೆ. ಅಮ್ಮ ಕೇಳಿದಾಗ “ಕಳೆದುಹೋಯ್ತು” ಅಂದೆ.

ಕೆಲಸಕ್ಕೆ ಸೇರಿ ನಾನೂ ಕಡ್ಡಿ ಹಿಡಿದ ಮೇಲೆ ಒಮ್ಮೆ ಕೇಳಿದ್ದೆ, ಆ ಬಣ್ಣ ಎಲ್ಲಿಂದ ತಂದೆ ಅಂತ. ಅಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಹಣ್ಣಡಿಕೆ ಕೊನೆ ನೋಡಿಲ್ವೇನೋ ನೀನು?”

ನೋಡಿದ್ದೆ. ಇಪ್ಪತ್ತು ವರ್ಷ ಅದರ ಕೆಳಗೇ ಓಡಾಡಿದ್ದೆ. ಆದರೂ ನೋಡಿರಲಿಲ್ಲ.

ಹೋದ ವರ್ಷ ಅದೇ ಬಣ್ಣದಲ್ಲಿ ಒಂದು ಮಫ್ಲರ್ ಹೆಣೆದೆ. ಹಸಿರೊಂದು ಪಟ್ಟಿ, ಕಿತ್ತಳೆಯೊಂದು ಪಟ್ಟಿ, ಎರಡೂ ಸಮಸಮ. ಭಯಂಕರವಾಗಿತ್ತು! ಅಮ್ಮ ಒಂದೇ ಮಾತು ಹೇಳಿದಳು: “ಯಾವ ತೋಟದಲ್ಲಿ ಇಷ್ಟೊಂದು ಹಣ್ಣಡಿಕೆ ಇರತ್ತೆ?”

ಇದು ನೋಡಿ ವಿಷಯ. ಪ್ಯಾಲೆಟ್ಟಿನ ಐದು ಚೌಕಗಳೂ ಒಂದೇ ಅಳತೆ. ಯಾವುದು ಎಷ್ಟಿರಬೇಕು, ಯಾವುದರ ಪಕ್ಕ ಯಾವುದು ಬರಬೇಕು ಅನ್ನೋದನ್ನು ಅದು ಹೇಳೋದಿಲ್ಲ. ತೋಟ ಹೇಳತ್ತೆ. ಬೂದು ಕಾಂಡದ ಮೇಲೆ ಬಸವನಪಾದದ ಹೂವಿನ ಗುಲಾಬಿ ಎಷ್ಟು, ಬೆಂಗಳೂರಿನ ಆಟೋದಲ್ಲಿ ಹಸಿರೆಷ್ಟು ಹಳದಿಯೆಷ್ಟು, ಎಲ್ಲ ಕಣ್ಣೆದುರೇ ಅಳತೆ ಸಮೇತ ಇದೆ. ಹಳ್ಳಿಗೇ ಹೋಗಬೇಕಂತಿಲ್ಲ.

ಎರಡನೇ ತಕರಾರು ನಮ್ಮ ಕಸುಬಿನದೇ. ಪರದೆಯ ಮೇಲೆ 1,67,77,216 ಬಣ್ಣ ಬರೆಯಬಹುದು, ಇಪ್ಪತ್ತನಾಲ್ಕು ಬಿಟ್‌ಗಳ ಲೆಕ್ಕ. ಆದರೆ ಪರದೆ ತಾನೇ ಬೆಳಕು ಚೆಲ್ಲತ್ತೆ. ಉಲ್ಲನ್ ಹಾಗಲ್ಲ, ಬಿದ್ದ ಬೆಳಕಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ಕೊಡತ್ತೆ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಉಂಡೆ ಬಿಸಿಲಲ್ಲಿ ಬೇರೆಬೇರೆ ಕಾಣಬಹುದು. ಅದಕ್ಕೇ ಅಮ್ಮಂದಿರು ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ನೋಡೋದು. ನಾವು ಅದನ್ನು ಚೌಕಾಶಿಯ ನಾಟಕ ಅಂದುಕೊಂಡಿದ್ದೆವು!

ಫೋನೇ ಬೇಡ ಅಂತಲ್ಲ. ಎರಡು ಉಂಡೆ ಪಕ್ಕಪಕ್ಕ ಇಟ್ಟು ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ. ಎರಡೂ ಒಂದೇ ಬೂದು ಕಂಡರೆ ಅವುಗಳಲ್ಲಿ ಹೆಣೆದ ಡಿಸೈನ್ ಎದ್ದು ಕಾಣೋದಿಲ್ಲ. ಫೋನು ಅಷ್ಟಕ್ಕೆ ಸಾಕು.

“ನಮ್ಮ ಬಣ್ಣ ತುಂಬಾ ಗಾಢ, ಫಾರಿನ್ನವರದ್ದು ಕ್ಲಾಸ್” ಅನ್ನುವವರಿಗೆ ಒಂದು ಮಾತು. ಹೆಣಿಗೆಗೆ ಹೆಸರಾದ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಕುರಿಯ ಮೈಬಣ್ಣವನ್ನೇ, ಬಿಳಿ, ಕಂದು, ಬೂದು, ಕಪ್ಪು, ಹಾಗೇ ಬಳಸುವ ಪದ್ಧತಿಯಿದೆ. ಅವರ ‘ಫೇರ್ ಐಲ್’ ಸ್ವೆಟರಿನಲ್ಲಿ ಎಷ್ಟೇ ಬಣ್ಣವಿದ್ದರೂ ಸಾಮಾನ್ಯವಾಗಿ ಒಂದು ಸಾಲಿಗೆ ಎರಡೇ. ನಮ್ಮ ಕರಿಕಂಬಳಿಯ ಕಪ್ಪೂ ಬಣ್ಣ ಹಾಕಿದ್ದಲ್ಲ, ಕುರಿಯದ್ದೇ. ಅವರು ತಮ್ಮ ಕುರಿ ನೋಡಿದರು. ನಾವು ಅವರನ್ನು ನೋಡ್ತಾ ಕೂತಿದ್ದೇವೆ.

ಬಣ್ಣ ಅವರವರ ಇಷ್ಟ, ಒಪ್ಪಿದೆ. ಅಕ್ಕನಿಗೆ ಪೇಲವ ಬಣ್ಣವೇ ನಿಜವಾಗಿ ಇಷ್ಟವಿದ್ದರೆ ಸ್ವೆಟರ್ರನ್ನು ಅದರಲ್ಲೇ ಹೆಣೀತೀನಿ. ಆದರೆ ಅದು ಅವಳ ಇಷ್ಟವೋ, ಹಾಸ್ಟೆಲ್‌ನಲ್ಲಿ ನನಗಿದ್ದಂಥ ಹೆದರಿಕೆಯೋ?

ಅಮ್ಮನಿಗೀಗ ಬೆರಳ ಗಂಟು ನೋವು, ಕಡ್ಡಿ ಹಿಡಿಯೋಕಾಗಲ್ಲ. ಆ ಹಸಿರು ಸ್ವೆಟರ್ ಇನ್ನೊಂದು ಸಿಗೋದಿಲ್ಲ ನನಗೆ. ಈ ಸಲ ಊರಿಗೆ ಹೋದಾಗ ಅದು ಕಳೆದುಹೋಗಿದ್ದಲ್ಲ ಅಂತ ಹೇಳಿಬಿಡಬೇಕು.

ಕುಲಾವಿಯನ್ನಂತೂ ಶುರು ಮಾಡಿಬಿಟ್ಟಿದ್ದೇನೆ. ಹಸಿರು. ಅಂಚಿಗೆ ಹಣ್ಣಡಿಕೆ ಎರಡೇ ಸಾಲು, ಮೂರನೆಯದಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ :-)

ನಿಮ್ಮ ಟ್ರಂಕಿನಲ್ಲೂ ಅಂಥದ್ದೊಂದಿದ್ದರೆ ಹೊರಗೆ ತೆಗೆಯಿರಿ. ಆ ಬಣ್ಣ ಎಲ್ಲಿಂದ ಬಂತು ಅಂತ ಹೆಣೆದವರನ್ನು ಕೇಳಿ. ಕೇಳೋಕೆ ಅವರಿರುವಾಗಲೇ ಕೇಳಿ. ಏನಂತೀರಿ?