ವಿಮಾನ ಹತ್ತುವ ಮೊದಲು ಕಾಲು ತೋರಿಸಿ

ವೆಸ್ಟ್‌ಮೀಡ್‌ನ ಕನ್ನಡಿಗರ ಮನೆಗಳಿಗೆ ಊರಿನಿಂದ ಬರುವ ತಂದೆತಾಯಿಯರು ಚಟ್ನಿಪುಡಿಯೊಂದಿಗೆ ವರ್ಷಗಳಿಂದ ಮುಂದೂಡಿದ ಕಾಯಿಲೆಗಳನ್ನೂ ಹೊತ್ತು ತರುತ್ತಾರೆ. ಅವುಗಳಲ್ಲೊಂದು ಕಾಲಿನ ವೆರಿಕೋಸ್ ವೇನ್ಸ್. 'ಮಗನ ಬಳಿ ಹೋದಾಗ ಲೇಸರ್ ಮಾಡಿಸಿದರಾಯಿತು' ಎಂಬ ಲೆಕ್ಕಾಚಾರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

'ನರ ಉಬ್ಬಿದೆ' ಎನ್ನುತ್ತೇವಾದರೂ ಅದು ನರವಲ್ಲ, ರಕ್ತವನ್ನು ಹೃದಯದತ್ತ ಒಯ್ಯುವ ಅಭಿಧಮನಿ. ಅದರೊಳಗಿನ ಕವಾಟಗಳು ಕೆಟ್ಟಾಗ ರಕ್ತ ಹಿಂದಕ್ಕೆ ಇಳಿದು, ನಾಳ ಹಿಗ್ಗುತ್ತದೆ. ಮೊದಲು ಕಾಲು ಭಾರ, ಸಂಜೆಯ ಊತ, ತುರಿಕೆ. ಬಳಿಕ ಹರಡಿನ ಬಳಿ ಚರ್ಮ ಕಪ್ಪಾಗುತ್ತದೆ. ಕೆಲವರಲ್ಲಿ ಬೇಗ ಮಾಯದ ಹುಣ್ಣೇ ಆಗುತ್ತದೆ.

ಲೇಸರ್ ಚಿಕಿತ್ಸೆಯಲ್ಲಿ ಸ್ಥಳೀಯ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತ, ನಾಳದೊಳಗೆ ತೆಳುವಾದ ಎಳೆಯೊಂದನ್ನು ತೂರಿಸಿ ಶಾಖದಿಂದ ಅದನ್ನು ಮುಚ್ಚುತ್ತಾರೆ. ರಕ್ತವು ಆರೋಗ್ಯವಾಗಿರುವ ಬೇರೆ ನಾಳಗಳ ಮೂಲಕ ಹರಿಯುತ್ತದೆ. ರೋಗಿ ಸಾಮಾನ್ಯವಾಗಿ ಅಂದೇ ನಡೆದು ಮನೆ ಸೇರುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯು ಶಸ್ತ್ರಚಿಕಿತ್ಸೆಗಿಂತ ಮೊದಲು ಶಾಖ ಚಿಕಿತ್ಸೆಯನ್ನೇ ಪರಿಗಣಿಸಲು ಹೇಳಿತು. 2018ರಲ್ಲಿ ಪ್ರಕಟವಾದ ಇವ್ರಾ ಅಧ್ಯಯನದಲ್ಲಿ, ಕೆಟ್ಟ ನಾಳಕ್ಕೆ ಬೇಗನೆ ಚಿಕಿತ್ಸೆ ಪಡೆದವರ ಹುಣ್ಣು ಮಾಯಲು ಹಿಡಿದ ಮಧ್ಯಮಾಂಕ ಅವಧಿ 56 ದಿನ. ತಡವಾಗಿ ಪಡೆದವರಲ್ಲಿ 82 ದಿನ.

ಆದರೆ ಲೇಸರ್ ಪವಾಡವಲ್ಲ. ಮುಂದೆ ಹೊಸ ನಾಳಗಳು ಉಬ್ಬಬಹುದು. ಬರಿಯ ಅಂದಕ್ಕಾಗಿ ಮಾಡಿಸಿದರೆ ಇಲ್ಲಿನ ಮೆಡಿಕೇರ್ ಹಣ ಕೊಡುವುದಿಲ್ಲ. ನೋವು, ಊತದಂತಹ ತೊಂದರೆ ಇರಬೇಕು. ರಕ್ತ ಕನಿಷ್ಠ ಅರ್ಧ ಸೆಕೆಂಡು ಹಿಂದಕ್ಕೆ ಹರಿಯುವುದು ಡ್ಯುಪ್ಲೆಕ್ಸ್ ಅಲ್ಟ್ರಾಸೌಂಡ್‌ನಲ್ಲಿ ಕಾಣಬೇಕು. ಜಾಹೀರಾತು ನೋಡಿ ಬೆಂಗಳೂರಿನಲ್ಲಿ ದಿನ ಗೊತ್ತುಮಾಡುವವರೂ ಮೊದಲು ಈ ಪರೀಕ್ಷೆಯ ವರದಿಯನ್ನು ಕೇಳಲಿ.

ಇನ್ನು ವೀಸಾದ ಮಾತು. ಆಸ್ಟ್ರೇಲಿಯಾದೊಂದಿಗೆ ಪರಸ್ಪರ ಆರೋಗ್ಯ ಒಪ್ಪಂದವಿರುವ ದೇಶಗಳಲ್ಲಿ ಭಾರತವಿಲ್ಲ. ಸಿಡ್ನಿಯಾಗಲಿ ಮೆಲ್ಬರ್ನ್ ಆಗಲಿ, ಸಂದರ್ಶಕ ವೀಸಾದ ಮೇಲೆ ಬಂದ ಹಿರಿಯರಿಗೆ ಮೆಡಿಕೇರ್ ದೊರೆಯದು. ಹಳೆಯ ಕಾಯಿಲೆಗೆ ಖಾಸಗಿ ವಿಮೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಾಯಿಸುತ್ತದೆ. ಆದುದರಿಂದ ಊರಿನಲ್ಲೇ ಚಿಕಿತ್ಸೆ ಮುಗಿಸಿ, ವೈದ್ಯರು ಹೇಳಿದಷ್ಟು ವಾರ ಬಿಟ್ಟು ಹೊರಡುವುದೇ ಮೇಲು. ದೀರ್ಘ ವಿಮಾನ ಪ್ರಯಾಣದಲ್ಲಿ ಕುಳಿತೇ ಇರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ವಲಸೆಯ ಕನಸಿನ ಯುವಜನರೂ ಕೇಳಬೇಕು. ಹೋಟೆಲು, ಗೋದಾಮು, ವೃದ್ಧಾಶ್ರಮಗಳ ಕೆಲಸವೆಂದರೆ ದಿನವಿಡೀ ನಿಲ್ಲುವುದು. ಮೀನಖಂಡದ ಸ್ನಾಯುವೇ ರಕ್ತವನ್ನು ಮೇಲೆತ್ತುವ ಪಂಪು; ನಿಂತಲ್ಲೇ ನಿಲ್ಲದೆ ಅದನ್ನು ಆಡಿಸುತ್ತಿರಿ.

ನಮ್ಮ ತಾಯಂದಿರು ಸೀರೆಯಂಚಿನಡಿ ಕಾಲಿನ ನೋವನ್ನು ಮುಚ್ಚಿಡುತ್ತಾರೆ, ಕೇಳದೆ ಹೇಳುವುದಿಲ್ಲ. ಟಿಕೆಟ್ ತೆಗೆಯುವ ಮುನ್ನ ಮಕ್ಕಳೇ ಕೇಳಲಿ.