ಚಹಾದ ಹಂಗು

ಬಸವಕಲ್ಯಾಣ, ಹುಮನಾಬಾದಗಳಲ್ಲಿ ಯಾವ ಮನೆಗೆ ಹೋದರೂ, ಯಾವ ಕಚೇರಿಯ ಮೆಟ್ಟಿಲನ್ನು ಹತ್ತಿದರೂ ಅತಿಥಿಗೆ ಮೊದಲು ದೊರೆಯುವ ಸತ್ಕಾರ ಚಹಾ. ಬೇಡವೆಂದವನನ್ನು ಬಿಗುಮಾನದವನೆಂದೇ ಜನ ಬಗೆಯುತ್ತಾರೆ. "ಒಂದ್ ಗುಟುಕರೆ ತಗೋರಿ" ಎಂಬ ಒತ್ತಾಯದ ಹಿಂದೆ ನಿಜವಾದ ಅಭಿಮಾನವಿರುವುದರಿಂದ ಅದನ್ನು ಮೀರುವುದೂ ಕಷ್ಟ. ಆದುದರಿಂದ ಚಹಾವನ್ನು ಖಂಡಿಸುವ ಉದ್ದೇಶ ಈ ಲೇಖನಕ್ಕಿಲ್ಲವೆಂದು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಓದುವವನಿಗೂ ಓದಿಸುವವನಿಗೂ ಚಹಾ ಎಲ್ಲಿಯವರೆಗೆ ನೆರವು, ಎಲ್ಲಿಂದ ಹಂಗು ಎಂಬುದಷ್ಟೇ ಇಲ್ಲಿಯ ವಿಚಾರ.

ನಮ್ಮ ಪ್ರಾಚೀನ ನಿಘಂಟುಗಳಿಗೆ ಈ ಪಾನೀಯದ ಪರಿಚಯವಿಲ್ಲ. ಚೀನೀಯರ 'ಚಾ' ಎಂಬ ಶಬ್ದವು ಭೂಮಾರ್ಗವಾಗಿ ಪಾರಸಿಯಲ್ಲಿ 'ಚಾಯ್' ಆಯಿತು. ಅದೇ ದೇಶದ ಕರಾವಳಿಯ 'ತೆ' ಎಂಬ ರೂಪವು ಡಚ್ಚರ ಹಡಗುಗಳನ್ನೇರಿ ಯುರೋಪಿಗೆ ಹೋಗಿ 'ಟೀ' ಆಯಿತು. 1956ರವರೆಗೆ ಹೈದರಾಬಾದಿನೊಡನೆ ಇದ್ದ ನಮ್ಮ ಬೀದರ ಜಿಲ್ಲೆಯವರ ಬಾಯಲ್ಲಿ ಚಾ, ಚಾಯ್ ಎಂಬ ರೂಪಗಳೇ ನಿಂತಿರುವುದು ಸಹಜವಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಹಾ ಇರಲಿಲ್ಲ, ಆದರೂ ಕಾಯಕ ನಿಲ್ಲಲಿಲ್ಲವೆಂದು ಕೆಲವರು ವೇದಿಕೆಗಳಲ್ಲಿ ಹೇಳುವುದುಂಟು. ಈ ವಾದದಲ್ಲಿ ಹುರುಳಿಲ್ಲ. ಆ ಕಲ್ಯಾಣದಲ್ಲಿ ಮೆಣಸಿನಕಾಯಿಯೂ ಇರಲಿಲ್ಲ. ಹಾಗೆಂದು ನಾವು ಯಾರೂ ರೊಟ್ಟಿಯ ಜೊತೆಗಿನ ಖಾರವನ್ನು ಬಿಟ್ಟಿಲ್ಲ.

ವಿಚಾರಿಸಬೇಕಾದುದು ಚಹಾ, ಕಾಫಿಗಳೊಳಗಿನ ಸತ್ತ್ವವನ್ನು. 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ಕಾಫಿ ಬೀಜದಿಂದ ಬೇರ್ಪಡಿಸಿದ ಕೆಫೀನ್ ಎಂಬ ದ್ರವ್ಯವೇ ಅದು. ಎಚ್ಚರವಾಗಿದ್ದಷ್ಟು ಹೊತ್ತೂ ನಮ್ಮ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ, ವಿಶ್ರಾಂತಿ ಬೇಕೆಂಬ ಸೂಚನೆಯನ್ನು ಕೊಡುತ್ತದೆ. ಅದು ಕುಳಿತುಕೊಳ್ಳಬೇಕಾದ ಸ್ಥಾನಗಳನ್ನು ಕೆಫೀನ್ ತಾನೇ ಆಕ್ರಮಿಸುತ್ತದೆ. ದಣಿವು ಇದ್ದಲ್ಲಿಯೇ ಇರುತ್ತದೆ, ಅದರ ಸುದ್ದಿ ಮಾತ್ರ ನಮಗೆ ಮುಟ್ಟುವುದಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದಿನ ಬಳಿ ಲಾರಿ ನಿಲ್ಲಿಸಿ ನಡುರಾತ್ರಿ ಚಹಾ ಕುಡಿಯುವ ಚಾಲಕನಿಗೆ ಈ ಉಪಾಯದಿಂದ ಒಂದೆರಡು ತಾಸಿನ ಎಚ್ಚರ ದೊರೆಯುವುದು ನಿಜ. ಆದರೆ ಅದು ಸಾಲದ ಎಚ್ಚರ. ಕುಡಿದ ಕೆಫೀನಿನ ಅರ್ಧಭಾಗವನ್ನು ಕಳೆಯಲು ದೇಹಕ್ಕೆ ಸಾಮಾನ್ಯವಾಗಿ ಐದು ತಾಸುಗಳಷ್ಟು ಬೇಕು. ಸಂಜೆ ಆರಕ್ಕೆ ಕುಡಿದ ಚಹಾದ ಅರ್ಧ ಪ್ರಭಾವ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆಂದಾಯಿತು.

ಪ್ರತಿದಿನವೂ ಹೀಗೆ ನಡೆದರೆ ಮಿದುಳು ಆ ಸ್ಥಾನಗಳನ್ನೇ ಹೆಚ್ಚಿಸಿಕೊಳ್ಳುತ್ತದೆ. ಮೊದಲು ಒಂದು ಕಪ್ಪಿನಿಂದ ಬರುತ್ತಿದ್ದ ಉಲ್ಲಾಸಕ್ಕೆ ಎರಡು ಬೇಕಾಗುತ್ತದೆ. ಬರಬರುತ್ತ ಉಲ್ಲಾಸವೂ ಹೋಗಿ, ಕುಡಿಯದಿದ್ದರೆ ತಲೆಶೂಲೆ ಎಂಬ ಸ್ಥಿತಿಗೆ ಬಂದು ನಿಲ್ಲುತ್ತೇವೆ. ಕೊನೆಯ ಕಪ್ಪಿನ ಅನಂತರ ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸುಗಳೊಳಗೆ ಆರಂಭವಾಗುವ ಈ ಬಾಧೆಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಒಂದು ರೋಗಸ್ಥಿತಿಯೆಂದೇ ಸೇರಿಸಿದೆ. ಕನ್ನಡದಲ್ಲಿ ವ್ಯಸನವೆಂಬ ಒಂದೇ ಶಬ್ದಕ್ಕೆ ಚಟವೆಂಬ ಅರ್ಥವೂ ದುಃಖವೆಂಬ ಅರ್ಥವೂ ಇರುವುದು ಇಲ್ಲಿ ನೆನಪಾಗುತ್ತದೆ. ಶ್ರಾವಣ ಸೋಮವಾರದಂದು ಅನ್ನವನ್ನು ಬಿಡುವ ನಮ್ಮವರು ಚಹಾವನ್ನು ಬಿಡಲಾರರು. ಉಪವಾಸಕ್ಕೆ ಅದು ನಡೆಯುತ್ತದೆಂಬ ಶಾಸ್ತ್ರವನ್ನು ಯಾರು ಬರೆದರೋ ನಾನು ಕಾಣೆ. ಹಂಗಿದೆಯೋ ಇಲ್ಲವೋ ಎಂಬ ಪರೀಕ್ಷೆಗೆ ಅಂಥ ಒಂದು ದಿನವೇ ಸಾಕು.

ಪ್ರಮಾಣದ ವಿಷಯಕ್ಕೆ ಬಂದರೆ ದೂರ ಹೋಗಬೇಕಾಗಿಲ್ಲ. ಇದೇ ಹೆದ್ದಾರಿಯ ಆ ತುದಿಯಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು. 150 ಮಿಲಿಲೀಟರಿನ ಒಂದು ಕಪ್ಪು ಚಹಾದಲ್ಲಿ 30ರಿಂದ 65, ಅಷ್ಟೇ ಪ್ರಮಾಣದ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ನಮ್ಮ ಅಂಗಡಿಗಳ ಗಾಜಿನ ಲೋಟ ಇದಕ್ಕಿಂತ ಚಿಕ್ಕದೆಂಬುದು ಸಮಾಧಾನದ ಮಾತಾದರೂ ಚಹಾಪುಡಿಯನ್ನು ಗಂಟೆಗಟ್ಟಲೆ ಕುದಿಸುವ ರೂಢಿ ಆ ಸಮಾಧಾನವನ್ನು ಕಸಿದುಕೊಳ್ಳುತ್ತದೆ. ಊಟಕ್ಕೆ ಒಂದು ತಾಸು ಮೊದಲೂ ಊಟವಾದ ಒಂದು ತಾಸಿನವರೆಗೂ ಚಹಾ ಬೇಡವೆಂದು ಅದೇ ಸಂಸ್ಥೆ ಎಚ್ಚರಿಸಿದೆ, ಏಕೆಂದರೆ ಅದರಲ್ಲಿನ ಟ್ಯಾನಿನ್ ಅನ್ನದಲ್ಲಿಯ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನರು. ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಚಹಾದ ಕಪ್ಪು-ಬಸಿ ಮುಂದಿಡುವ ಮನೆಗಳು ಇದನ್ನು ಗಮನಿಸಬೇಕು. ಸಕ್ಕರೆಯ ಲೆಕ್ಕವನ್ನಂತೂ ಮಧುಮೇಹಿಗಳೇ ಹೇಳಬಲ್ಲರು.

ಅಧ್ಯಾಪಕ ಬಂಧುಗಳಿಗೆ ಒಂದು ಮಾತು. ತಾಸಿನ ಗಂಟೆ ಬಾರಿಸಿದಾಗಲೆಲ್ಲ ಚಹಾ ತರಿಸುವುದು ದಣಿವಿನಿಂದಲ್ಲ, ಗಂಟೆಯ ರೂಢಿಯಿಂದ. ಮಧ್ಯಾಹ್ನದ ಪಾಠಕ್ಕೆ ಮೊದಲಿನ ಒಂದು ಕಪ್ಪು ನಿಜವಾಗಿ ಕೆಲಸಕ್ಕೆ ಬರುತ್ತದೆ, ಅದು ಉಳಿಯಲಿ. ಉಳಿದವುಗಳನ್ನು ಒಮ್ಮೆಗೇ ನಿಲ್ಲಿಸಲು ಹೋಗಿ ತಲೆನೋವಿನಿಂದ ಮಕ್ಕಳ ಮೇಲೆ ರೇಗುವುದಕ್ಕಿಂತ, ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಕಪ್ಪಿನಂತೆ ಇಳಿಸುತ್ತ ಬಂದರೆ ದೇಹಕ್ಕೆ ತಿಳಿಯದಂತೆ ಹಂಗು ಹರಿಯುತ್ತದೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ಚಹಾದ ಜೊತೆ ಮಜ್ಜಿಗೆಯನ್ನೂ ಇಟ್ಟು ಆಯ್ಕೆಯನ್ನು ಅವರಿಗೆ ಬಿಟ್ಟರೆ ಸತ್ಕಾರಕ್ಕೆ ಕುಂದೇನೂ ಬಾರದು.

ನನಗೆ ನಿಜವಾದ ಆತಂಕವಿರುವುದು ಪ್ರಸಾದನಿಲಯಗಳ ಮಕ್ಕಳ ವಿಷಯದಲ್ಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂದಂತೆ ರಾತ್ರಿಯೋದಿನ ಮಕ್ಕಳಿಗೆ ಚಹಾ ಮಾಡಿಸಿಕೊಡುವುದು ಅಕ್ಕರೆಯ ಸೇವೆಯೆಂದು ಎಲ್ಲೆಡೆ ನಡೆದುಬಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ ದೇಹತೂಕದ ಕಿಲೋಗ್ರಾಮಿಗೆ 3 ಮಿಲಿಗ್ರಾಮಿನ ಮಿತಿಯನ್ನು ಸೂಚಿಸಿದೆ. ನಲವತ್ತು ಕಿಲೋ ತೂಗುವ ಹುಡುಗನಿಗೆ ಅದು 120. ಗಟ್ಟಿ ಚಹಾ ಎರಡು ಕಪ್ಪಿಗೆ ಮುಗಿಯಿತು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಆ ನಿದ್ರೆಯನ್ನೇ ಕಡಿದು ಓದಿಸಿದರೆ ಬೆಳಿಗ್ಗೆ ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ಹುಡುಗನಿಗೆ ಓದಿದ ನೆನಪಿರುತ್ತದೆ, ಓದಿದ್ದು ನೆನಪಿರುವುದಿಲ್ಲ. ಆದಕಾರಣ ಸಾಯಂಕಾಲ ನಾಲ್ಕರ ಮೇಲೆ ಪ್ರಸಾದನಿಲಯದ ಒಲೆಯ ಮೇಲೆ ಚಹಾ ಏರಬಾರದು, ಹತ್ತೂವರೆಗೆ ದೀಪ ಆರಬೇಕು ಎಂಬ ಕಟ್ಟಳೆಯನ್ನು ಬರುವ ಪರೀಕ್ಷೆಯಿಂದಲೇ ತರಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹ. ಆ ದಿನಗಳಲ್ಲಿ ಚಹಾಪುಡಿ, ಸಕ್ಕರೆಗಳನ್ನು ಕಳಿಸಿಕೊಡುವ ದಾನಿಗಳು ಅದೇ ಹಣವನ್ನು ರಾತ್ರಿಯ ಹಾಲಿಗೆ ಕೊಟ್ಟರೆ ಮಕ್ಕಳು ಕುಡಿದು ಮಲಗುತ್ತಾರೆ.